11 ವರ್ಷದ ಮಗನಿಗೆ ಡಚ್ ಬರುತ್ತಾ?

ಮೊನ್ನೆ ಗುಂಪಿನಲ್ಲಿ ಕೊಪ್ಪಳದ ತಂಗಿಯೊಬ್ಬರು ಕೇಳಿದ್ದರು. ಮಗನಿಗೆ 11 ವರ್ಷ, ನೆದರ್‌ಲ್ಯಾಂಡ್ಸ್‌ಗೆ ಬರುತ್ತಿದ್ದೇವೆ, ಡಚ್ ಕಲಿಯುವ ವಯಸ್ಸು ಮೀರಿತಾ? ಈಗಿನಿಂದಲೇ ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತಾಡಿಸಬೇಕಾ? ಆ ಎರಡನೇ ಪ್ರಶ್ನೆ ನೋಡಿ ಸುಮ್ನೆ ಇರಲಾಗಲಿಲ್ಲ.

ನಾವು ಬಳ್ಳಾರಿ ಕೌಲ್‌ಬಜಾರಿನವರು. ಇಲ್ಲಿ ನೆದರ್‌ಲ್ಯಾಂಡ್ಸ್‌ನ ಆಮ್ಸ್ಟಲ್‌ವೀನ್ ಊರಿಗೆ ಬಂದಾಗ ದೊಡ್ಡವಳಿಗೆ 12, ಚಿಕ್ಕವಳಿಗೆ 4. ದೊಡ್ಡವಳನ್ನು ಹೊಸದಾಗಿ ಬಂದ ಮಕ್ಕಳ ಭಾಷಾ ತರಗತಿಗೆ ಹಾಕಿದರು. ಚಿಕ್ಕವಳು ನೇರ ಶಾಲೆಗೆ, ಇಲ್ಲಿ 4 ತುಂಬಿದರೆ ಶಾಲೆ ಶುರು. "ಸಣ್ಣದು ಬೇಗ ಕಲಿಯುತ್ತೆ, ದೊಡ್ಡದರದ್ದೇ ಕಷ್ಟ" ಅಂತ ಎಲ್ಲರೂ ಹೇಳಿದ್ದರು. ಆಗಿದ್ದು ಉಲ್ಟಾ. ಆರು ತಿಂಗಳು ಚಿಕ್ಕವಳು ಶಾಲೆಯಲ್ಲಿ ಬಾಯೇ ಬಿಡಲಿಲ್ಲ. ಅಷ್ಟರಲ್ಲಿ ದೊಡ್ಡವಳು ಬೇಕರಿಯಲ್ಲಿ ನಮ್ಮ ಪರವಾಗಿ ಮಾತಾಡುತ್ತಿದ್ದಳು.

ಆಮೇಲೆ ಓದಿ ತಿಳಿಯಿತು, ಇದು ಹೊಸದೇನಲ್ಲ. ಇದೇ ದೇಶಕ್ಕೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಮನೆಮಾತಿನವರನ್ನು ಗಮನಿಸಿದ ಅಧ್ಯಯನವೊಂದು 1978ರಲ್ಲೇ ಬಂದಿದೆ. ಮೊದಲ ತಿಂಗಳುಗಳಲ್ಲಿ ಮುಂದಿದ್ದವರು 12ರಿಂದ 15ರ ಮಕ್ಕಳು ಮತ್ತು ದೊಡ್ಡವರು. ಎಲ್ಲಕ್ಕಿಂತ ಹಿಂದೆ ಇದ್ದದ್ದು 3ರಿಂದ 5ರ ಮಕ್ಕಳು!

ಹಾಗಂತ ವಯಸ್ಸು ಲೆಕ್ಕಕ್ಕಿಲ್ಲ ಅಂತಲ್ಲ. ಈಗ ಚಿಕ್ಕವಳ ಡಚ್ ಕೇಳಿದರೆ ಇಲ್ಲೇ ಹುಟ್ಟಿದವಳು ಅನ್ನಬೇಕು. ದೊಡ್ಡವಳ ಮಾತಿನಲ್ಲಿ ಬಳ್ಳಾರಿ ಇಣುಕುತ್ತದೆ. ಕಿವಿ ಬಹಳ ಬೇಗ ಮನೆಮಾತಿಗೆ ಒಗ್ಗಿಬಿಡುತ್ತದೆ. ಇಂಗ್ಲಿಷ್ ಮನೆಯ ಕೂಸುಗಳಿಗೆ ಆರೇಳು ತಿಂಗಳಲ್ಲಿ ಹಿಂದಿಯ ತ, ಟ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಅದು ಹೋಗಿಬಿಡುತ್ತದೆ. ವ್ಯಾಕರಣ ಅಷ್ಟು ಬೇಗ ಕೈಬಿಡುವುದಿಲ್ಲ. ಸುಮಾರು 6,70,000 ಜನರನ್ನು ನೋಡಿದ 2018ರ ಅಧ್ಯಯನದ ಪ್ರಕಾರ ಕಲಿಯುವ ಶಕ್ತಿ 17ರ ತನಕ ಚೆನ್ನಾಗಿಯೇ ಇರುತ್ತದೆ. ಪೂರ್ತಿ ಅಲ್ಲಿಯವರ ಹಾಗೇ ಆಗಬೇಕಾದರೆ ಮಾತ್ರ 10ರ ಹೊತ್ತಿಗೆ ಶುರುವಾಗಬೇಕಂತೆ. ನಿಮ್ಮ ಮಗ ಒಂದು ವರ್ಷ ತಡ. ಇರಲಿ ಬಿಡಿ.

ನನ್ನ ತಾಯಿಯ ತಂದೆ ರಾಯಚೂರಿನವರು. ಮನೆಮಾತು ತೆಲುಗು, ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಅವರಿಗೆ ಮೂವತ್ತು ದಾಟಿತ್ತು. ಕಚೇರಿ ಕೆಲಸಕ್ಕೆ ಕನ್ನಡ ಬೇಕಾಯಿತು, ಕಲಿತರು. ಮಾತಿನಲ್ಲಿ ತೆಲುಗಿನ ಎಳೆತ ಕೊನೆವರೆಗೂ ಹೋಗಲಿಲ್ಲ. ಅದಕ್ಕೇನೂ ಅವರ ಪಗಾರ ಕಡಿಮೆ ಆಗಲಿಲ್ಲ.

ಮನೆ, ಓಣಿ ಕೊಡುವುದು ಬೇರೆಯೇ ಇದೆ. ಡಚ್ಚಿನಲ್ಲಿ ಗಂಟಲು ಕೆರೆದು ಹೇಳುವ ಒಂದು ಅಕ್ಷರವಿದೆ. ನಮ್ಮ ಯಜಮಾನರು ಮಂಡ್ಯದವರು, ತಿಂಗಳುಗಟ್ಟಲೆ ತಿಣುಕಿದರು. ನನಗೆ ಮೊದಲ ದಿನವೇ ಬಂತು. ಬಳ್ಳಾರಿಯಲ್ಲಿ ಪಕ್ಕದ ಮನೆ ಖಾಲಾನನ್ನು (ಉರ್ದುವಿನಲ್ಲಿ ಚಿಕ್ಕಮ್ಮ) ಕರೆಯುತ್ತಿದ್ದ ಅದೇ ಉರ್ದು ಖ, ಅಷ್ಟೇ!

ಅದಕ್ಕೇ ಹೇಳುವುದು, ಕನ್ನಡ ಬಿಡಿಸಬೇಡಿ. ಡಚ್ ಶಾಲೆಯಲ್ಲಿ, ಆಟದ ಬಯಲಲ್ಲಿ ಬರುತ್ತದೆ. ನಮ್ಮ ಅರೆಬರೆ ಇಂಗ್ಲಿಷ್ ಅದಕ್ಕೇನು ಸಹಾಯ ಮಾಡುತ್ತೆ ಹೇಳಿ? ನಾನು ಹೆದರಬೇಕಿದ್ದದ್ದು ಕನ್ನಡಕ್ಕೆ, ಹೆದರಿದ್ದು ಡಚ್ಚಿಗೆ. ದೊಡ್ಡವಳು ಶಾಲೆಯಿಂದ ಡಚ್ ತಂದಳು, ಅಕ್ಕ ತಂಗಿ ಅದರಲ್ಲೇ ಜಗಳ ಶುರುಮಾಡಿದರು. ಒಂದೇ ವರ್ಷದಲ್ಲಿ ಚಿಕ್ಕವಳ ಕನ್ನಡ "ಹೂಂ", "ಬೇಡ"ಕ್ಕೆ ಇಳಿಯಿತು.

ನನ್ನ ಉಪದೇಶ ನಡೆಯಲಿಲ್ಲ. ನಡೆದದ್ದು ಬಳ್ಳಾರಿಯ ಅಜ್ಜಿಯ ವಿಡಿಯೋ ಕರೆ. ಅಜ್ಜಿಗೆ ಇಂಗ್ಲಿಷೂ ಬರಲ್ಲ, ಡಚ್ಚೂ ಬರಲ್ಲ. ಈಗ ದಿನಾ ಸಂಜೆ ಅರ್ಧ ಗಂಟೆ ಅಜ್ಜಿ, ಚಿಕ್ಕವಳು ಇಬ್ಬರದೇ ಮಾತು, ನಾನು ಅಡುಗೆಮನೆಯಲ್ಲಿ. ಮೊನ್ನೆ ಮಂಡಕ್ಕಿ ಒಗ್ಗರಣೆಗೆ ಮೊದಲು ಮಂಡಕ್ಕಿ ನೆನೆಸಿ ಹಿಂಡಬೇಕು ಅಂತ ನನಗೇ ಹೇಳಿಕೊಟ್ಟಳು. "ಜಾಸ್ತಿ ನೆನೆಸಬ್ಯಾಡ, ಮೆತ್ತಗಾಗ್ತತಿ" ಅಂತ ಥೇಟ್ ಅಜ್ಜಿಯ ಧಾಟಿಯಲ್ಲಿ.