ಕ್ಯಾಟ್ 6, 212 ಪಾಯಿಂಟ್: ಸರ್ಟಿಫಿಕೇಷನ್ ಯಂತ್ರ ಬಾಡಿಗೆಗೆ ತರಲೇ, ಕೊಳ್ಳಲೇ?

ಹುಬ್ಬಳ್ಳಿಯಿಂದ ಪ್ರಶ್ನೆ: ಮೂರು ಮಹಡಿಯ ಕಚೇರಿ ಕಟ್ಟಡ. 212 ಪಾಯಿಂಟಿಗೆ ಕ್ಯಾಟ್ 6 (ಕಂಪ್ಯೂಟರ್ ನೆಟ್‌ವರ್ಕಿನ ಕೇಬಲ್) ಎಳೆದು, ತುದಿಗಳನ್ನು ಜ್ಯಾಕಿಗೆ ಪಂಚ್ ಮಾಡಿ ಮುಗಿದಿದೆ. ಪ್ರತಿ ಪಾಯಿಂಟಿನ ಪರ್ಮನೆಂಟ್ ಲಿಂಕ್ (ರ್ಯಾಕಿನಿಂದ ಗೋಡೆಯ ಜ್ಯಾಕಿನವರೆಗಿನ ಕಾಯಂ ಕೇಬಲ್) ಪರೀಕ್ಷೆಯ ವರದಿ ಕೊಟ್ಟರೆ ಮಾತ್ರ ಕೊನೆಯ ಶೇ 20ರಷ್ಟು ಹಣ ಎನ್ನುತ್ತಿದ್ದಾರೆ. ಸೋಮವಾರ ಫಾಲ್ಸ್ ಸೀಲಿಂಗ್ ಮುಚ್ಚುತ್ತಾರೆ. ಕೇಬಲ್ ಅಳೆದು ಪಾಸ್, ಫೇಲ್ ಹೇಳುವ ಸರ್ಟಿಫಿಕೇಷನ್ ಯಂತ್ರ ಬಾಡಿಗೆಗೆ ತರಲೇ, ಕೊಳ್ಳಲೇ, ಬೇರೆಯವರಿಗೆ ಒಪ್ಪಿಸಲೇ? ಅನುಭವ ಇರುವವರು ಹೇಳಿ.

ಪೀಣ್ಯದಿಂದ: 2019ರಲ್ಲಿ ನಾನು ಬಾಡಿಗೆಗೆ ತಂದಿದ್ದೆ. 340 ಪಾಯಿಂಟ್, ಎರಡು ದಿನದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ದಿನಕ್ಕೆ ₹7,500, ಜೊತೆಗೆ ಮೂರು ಲಕ್ಷದ ಭದ್ರತಾ ಚೆಕ್. ಐದು ದಿನ ಹಿಡಿಯಿತು. ಮೊದಲ ದಿನ ಪೂರ್ತಿ ಬೀಗ ಹಾಕಿದ ಕೋಣೆಗಳ ಕೀಲಿ ಹುಡುಕುವುದರಲ್ಲೇ ಹೋಯಿತು. 61 ಪಾಯಿಂಟ್ ತಿರಸ್ಕಾರವಾದವು. ಅದರಲ್ಲಿ 38 ನಮ್ಮ ಹುಡುಗರ ಕೈಕೆಲಸ: ಅಂದವಾಗಿ ಕಾಣಲೆಂದು ಜೋಡಿ ತಂತಿಗಳ ತಿರುಚನ್ನು ಒಂದೂವರೆ ಇಂಚು ಬಿಚ್ಚಿದ್ದರು. ಅರ್ಧ ಇಂಚು ದಾಟಬಾರದು ಎಂದು ನೂರು ಸಲ ಹೇಳಿದ್ದೆ. ಆ ಎಲ್ಲವೂ ಒಂದು ಜೋಡಿಯ ಸಂಕೇತ ಪಕ್ಕದ ಜೋಡಿಗೆ ಸೋರುವ ಅಳತೆಯಾದ ನೆಕ್ಸ್ಟ್‌ನಲ್ಲಿ ಬಿದ್ದವು. 14 ಸ್ಪ್ಲಿಟ್ ಪೇರ್, ಅಂದರೆ ಒಂದು ಜೋಡಿಯ ತಂತಿ ಇನ್ನೊಂದು ಜೋಡಿಯದರ ಜೊತೆ ಸೇರಿದ್ದು. ಉಳಿದ ಒಂಬತ್ತು 93ರಿಂದ 96 ಮೀಟರ್, 90ರ ಮಿತಿ ದಾಟಿದ್ದವು. ಅವುಗಳ ಉದ್ದ ತಗ್ಗಿಸಲು ನಾಲ್ಕನೇ ಮಹಡಿಯಲ್ಲಿ ಹೊಸ ರ್ಯಾಕ್ ಇಟ್ಟೆ, ₹86,000. ಯಂತ್ರ ಹಿಂದಿರುಗಿಸಿದಾಗ ಅಡಾಪ್ಟರಿನ ತುದಿ ಸವೆದಿದೆ ಎಂದು ₹22,000 ಹಿಡಿದುಕೊಂಡರು. ಬಾಡಿಗೆಗೆ ತರುವ ಮುನ್ನ ಅಡಾಪ್ಟರಿನ ಫೋಟೊ ತೆಗೆದಿಟ್ಟುಕೊಳ್ಳಿ.

ಮಂಗಳೂರಿನಿಂದ: 96 ಮೀಟರಿಗೆ ರ್ಯಾಕ್ ಇಟ್ಟಿರಾ ಸರ್? ಎನ್‌ವಿಪಿಯ (ಕೇಬಲಿನಲ್ಲಿ ಸಂಕೇತ ಸಾಗುವ ವೇಗ, ಯಂತ್ರ ಉದ್ದ ಲೆಕ್ಕ ಹಾಕುವುದು ಅದರಿಂದಲೇ) ಅನಿಶ್ಚಿತತೆಗೆಂದು ಉದ್ದಕ್ಕೆ ಶೇ 10ರಷ್ಟು ವಿನಾಯಿತಿ ಇದೆ. ಬೇರೆ ಅಳತೆಗಳೆಲ್ಲ ಸರಿ ಇದ್ದರೆ 99 ಮೀಟರಿನವರೆಗೆ ಯಂತ್ರವೇ ಪಾಸ್ ಕೊಡುತ್ತದೆ. ₹86,000 ಸುಮ್ಮನೆ ಕಳೆದಿರಿ.

ಪೀಣ್ಯದಿಂದ: ಯಂತ್ರ ಪಾಸ್ ಕೊಟ್ಟಿತ್ತು. ಕನ್ಸಲ್ಟೆಂಟ್ ಕೊಡಲಿಲ್ಲ. ಅವರ ಟೆಂಡರಿನಲ್ಲಿ '90 ಮೀಟರ್ ಮೀರಬಾರದು' ಎಂದು ಬರೆದಿತ್ತು, ಕೆಳಗೆ ನನ್ನ ಸಹಿ ಇತ್ತು. ಬಿಲ್ ತಡೆದಾಗ ನೀವು ಬಂದು ವಾದಿಸುತ್ತಿದ್ದಿರಾ?

ಮೈಸೂರಿನಿಂದ: ಕೊಂಡುಕೊಳ್ಳಿ. 2021ರಲ್ಲಿ ₹6,40,000 ಕೊಟ್ಟು ಹಳೆಯ ಫ್ಲೂಕ್ ಡಿಎಸ್‌ಎಕ್ಸ್ ಯಂತ್ರ ತೆಗೆದುಕೊಂಡೆ. ಹೆಂಡತಿಯ ಬಳೆ ಅಡವಿಟ್ಟಿದ್ದೆ. ಬಿಡಿಸಿಕೊಳ್ಳಲು 14 ತಿಂಗಳು ಬೇಕಾಯಿತು. ಮೊದಲ ಕೆಲಸದಲ್ಲೇ ಪೆಟ್ಟು ತಿಂದೆ: ಮಾರಿದವನು ಕ್ಯಾಲಿಬ್ರೇಷನ್ (ಯಂತ್ರದ ಅಳತೆ ಸರಿಯಿದೆಯೇ ಎಂಬ ತಪಾಸಣೆ) ಅವಧಿ ಮುಗಿದು ನಾಲ್ಕು ತಿಂಗಳಾದದ್ದನ್ನು ಹೇಳಿರಲಿಲ್ಲ. ನನ್ನ 480 ವರದಿಗಳನ್ನೂ ತಿರಸ್ಕರಿಸಿದರು. ಕ್ಯಾಲಿಬ್ರೇಷನ್‌ಗೆ ಕಳಿಸಿ ಆರು ವಾರ ಕಾದೆ, ಅಷ್ಟರಲ್ಲಿ ಮತ್ತೆ ಬಾಡಿಗೆಗೆ ತಂದೆ. ಆದರೂ ಈಗ ಪ್ರತಿ ಸಂಜೆ ಅಂದು ಎಳೆದ ಕೇಬಲನ್ನು ಅಂದೇ ಪರೀಕ್ಷಿಸುತ್ತೇನೆ. ಸೀಲಿಂಗ್ ಮುಚ್ಚಿದ ಮೇಲೆ ಒಂದು ಫೇಲ್ ಹುಡುಕುವುದು ಏನೆಂದು ಸ್ವಂತ ಯಂತ್ರ ಇಲ್ಲದವರಿಗೆ ಗೊತ್ತಿಲ್ಲ.

ಮಂಗಳೂರಿನಿಂದ: ನನ್ನ ಬಳಿ ಯಂತ್ರ ಇಲ್ಲ, ಆದರೂ ಚೆನ್ನಾಗಿ ಗೊತ್ತು. ಅಗ್ಗಕ್ಕೆ ಸಿಕ್ಕಿತೆಂದು ಬಾಕ್ಸಿಗೆ ₹4,100ರಂತೆ 27 ಬಾಕ್ಸ್ ತಂದಿದ್ದೆ. ದೀಪ ಮಿನುಗುವ ಸಣ್ಣ ಟೆಸ್ಟರಿನಲ್ಲಿ ಎಲ್ಲ ಎಂಟೂ ದೀಪ ಹತ್ತಿದವು. ತಿಂಗಳಾದ ಮೇಲೆ ದೂರದ ಕ್ಯಾಮೆರಾಗಳು ರಾತ್ರಿ ಮಾತ್ರ ಆರಿ ಹತ್ತತೊಡಗಿದವು. ಕತ್ತಲಾದರೆ ಇನ್‌ಫ್ರಾರೆಡ್ ದೀಪ ಹತ್ತುತ್ತದೆ, ಅದೇ ಕೇಬಲಿನಲ್ಲಿ ಬರುವ ವಿದ್ಯುತ್ ಹೆಚ್ಚು ಬೇಕು, ತಂತಿ ತಡೆಯುತ್ತಿರಲಿಲ್ಲ. ಬ್ಲೇಡಿನಿಂದ ಕೆರೆದು ನೋಡಿದರೆ ಒಳಗೆ ಬಿಳಿ: ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಹೊರಗಿನವರನ್ನು ಕರೆಸಿ ಸರ್ಟಿಫಿಕೇಷನ್ ಮಾಡಿಸಿದಾಗ ಜೋಡಿ ತಂತಿಯ ವಿದ್ಯುತ್ ತಡೆ, ಅಂದರೆ ಲೂಪ್ ರೆಸಿಸ್ಟೆನ್ಸ್‌ನಲ್ಲೇ ಸಾಲು ಸಾಲಾಗಿ ಬಿದ್ದವು. ₹1,10,700 ಗುಜರಿಗೆ, ಹನ್ನೊಂದು ದಿನದ ಕೂಲಿ ಬೇರೆ. ಅಂದಿನಿಂದ ಮೊದಲ ಬಾಕ್ಸಿನ ತುಂಡನ್ನೇ ಪರೀಕ್ಷೆಗೆ ಕಳಿಸುತ್ತೇನೆ.

ಮೈಸೂರಿನಿಂದ: ಅರ್ಧ ಬೆಲೆಗೆ ಕ್ಯಾಟ್ 6 ಸಿಗುತ್ತದೆ ಎಂದು ನಂಬಿದ್ದೇ ತಪ್ಪು. ಇಂತಹವರು ದರ ಇಳಿಸುವುದರಿಂದಲೇ ಸರಿಯಾದ ತಾಮ್ರ ಹಾಕುವ ನಮಗೆ ಟೆಂಡರ್ ಸಿಗುವುದಿಲ್ಲ.

ಮಂಗಳೂರಿನಿಂದ: ತಪ್ಪನ್ನು ಒಪ್ಪಿಕೊಂಡು ಬರೆದಿದ್ದೇನೆ. ಸ್ವಂತ ಹಣದಿಂದ ಕಿತ್ತು ಹೊಸದು ಹಾಕಿದ್ದೇನೆ. ಅವಧಿ ಮುಗಿದ ಯಂತ್ರದಲ್ಲಿ 480 ವರದಿ ತೆಗೆದವರಿಂದ ನಾನು ಪಾಠ ಕೇಳುವುದಿಲ್ಲ.

ಕಲಬುರಗಿಯಿಂದ: ಜಗಳ ಬಿಡಿ ಅಣ್ಣಂದಿರಾ. ನಮ್ಮ ಕಡೆಯ ಕಷ್ಟವೇ ಬೇರೆ. ಜನವರಿಯಲ್ಲಿ 88 ಮೀಟರಿನ ಲಿಂಕ್ ಪಾಸಾಯಿತು. ಮೇ ತಿಂಗಳಲ್ಲಿ ಮರುಪರೀಕ್ಷೆ ಮಾಡಿದರೆ ಇನ್ಸರ್ಷನ್ ಲಾಸ್ (ಕೇಬಲಿನಲ್ಲಿ ಸಾಗುತ್ತಾ ಸಂಕೇತ ಕುಗ್ಗುವ ನಷ್ಟ) ಫೇಲ್. ಅದೇ ಕೇಬಲ್, ಅದೇ ಜ್ಯಾಕ್. ಮಿತಿಯ ಲೆಕ್ಕ 20 ಡಿಗ್ರಿಗೆ. ತಗಡಿನ ಮಾಡಿನ ಕೆಳಗೆ, ಸೀಲಿಂಗ್ ಒಳಗೆ 50 ದಾಟಿತ್ತು. ತಾಪ ಏರಿದಂತೆ ನಷ್ಟವೂ ಏರುತ್ತದೆ. ಎರಡು ತಿಂಗಳು ಬಿಲ್ ನಿಂತಿತು, ಬಡ್ಡಿ ನಾನೇ ಕಟ್ಟಿದೆ. ಈಗ ಬಿಸಿಲಿನ ಕಟ್ಟಡಗಳಲ್ಲಿ 75 ಮೀಟರ್ ದಾಟಿಸುವುದಿಲ್ಲ.

ಮೈಸೂರಿನಿಂದ: ಒಳ್ಳೆಯ ಕೇಬಲ್ ಆಗಿದ್ದರೆ ಮಿತಿ ಮುಟ್ಟುವ ಮುನ್ನ ಅಷ್ಟಾದರೂ ಅಂತರ ಉಳಿದಿರುತ್ತಿತ್ತು.

ಕಲಬುರಗಿಯಿಂದ: ಮೈಸೂರಿನ ತಂಪಿನಲ್ಲಿ ಕುಳಿತು ಹೇಳುವುದು ಸುಲಭ. ಮೇ ತಿಂಗಳಲ್ಲಿ ಒಮ್ಮೆ ಇಲ್ಲಿಯ ಸೀಲಿಂಗ್ ಮೇಲೆ ಹತ್ತಿ ನೋಡಿ.

ಹುಬ್ಬಳ್ಳಿಯಿಂದ: ಎಲ್ಲರಿಗೂ ಧನ್ಯವಾದ. ನನ್ನದು ಹೆಚ್ಚೆಂದರೆ 70 ಮೀಟರ್, ತಾಮ್ರದ ಕೇಬಲ್. ಸೋಮವಾರದೊಳಗೆ ಏನು ಮಾಡಲಿ?

ಪೀಣ್ಯದಿಂದ: ಯಾರಿಂದಲೇ ಮಾಡಿಸಿ, ಪಿಡಿಎಫ್ ಒಂದನ್ನೇ ತೆಗೆದುಕೊಳ್ಳಬೇಡಿ. ಯಂತ್ರದ ಮೂಲ ಫೈಲನ್ನೂ ಕೇಳಿ ಪಡೆಯಿರಿ. ಕೇಬಲ್ ಕಂಪನಿಯ 25 ವರ್ಷದ ವಾರಂಟಿಗೆ ನನ್ನಿಂದ ಅದನ್ನೇ ಕೇಳಿದರು, ನನ್ನ ಬಳಿ ಇರಲಿಲ್ಲ.

ಮೈಸೂರಿನಿಂದ: ಶನಿವಾರ ರಾತ್ರಿ ಹೊರಟು ಭಾನುವಾರ ಬೆಳಿಗ್ಗೆ ನಾನೇ ಬರುತ್ತೇನೆ. ಪಾಯಿಂಟಿಗೆ ₹90, ಪ್ರಯಾಣ ಬೇರೆ. ಎಲ್ಲ ಕೋಣೆಗಳ ಕೀಲಿ, ಒಬ್ಬ ಹುಡುಗ, ಒಂದು ಏಣಿ ಸಿದ್ಧವಿರಲಿ.

ಮಂಗಳೂರಿನಿಂದ: ಹುಬ್ಬಳ್ಳಿಯವರೇ, ಒಪ್ಪುವ ಮುನ್ನ ಕ್ಯಾಲಿಬ್ರೇಷನ್ ಪ್ರಮಾಣಪತ್ರದ ದಿನಾಂಕ ನೋಡಿ.

ಮೈಸೂರಿನಿಂದ: ದಿನಾಂಕ ಕಾಣುವಂತೆ ಅದರ ಚಿತ್ರವನ್ನು ಈಗಲೇ ಇಲ್ಲಿ ಹಾಕುತ್ತೇನೆ.