ಸಹಾಯ ಬೇಕು: ಎಳೆಯ ರಕ್ತಕಣಕ್ಕೆ ಮಜ್ಜೆಯೊಳಗೆ ಎಳೆತ, ಒತ್ತಡ ಗೊತ್ತಾಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಜಯನಗರದಲ್ಲಿ ಪಿಯುಸಿ ಮಕ್ಕಳಿಗೆ ಮೂಳೆ ಮಜ್ಜೆಯ ಬಗ್ಗೆ ಕನ್ನಡದಲ್ಲೇ ಹೇಳಬೇಕಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

2006ರಲ್ಲಿ ಎಂಗ್ಲರ್, ಡಿಷರ್ ಮತ್ತಿತರರು ಮಜ್ಜೆಯ ಮೆಸೆಂಕೈಮಲ್ ಕೋಶಗಳನ್ನು (ಮೂಳೆ, ಕೊಬ್ಬಿನಂಥ ಕೋಶಗಳಾಗಬಲ್ಲ ಕಾಂಡಕೋಶಗಳು) ಜೆಲ್ ಮೇಲೆ ಬೆಳೆಸಿದರು. ಮೆತ್ತನೆಯ ಜೆಲ್ ಮೇಲೆ ಅವು ನರಕೋಶದ ಕಡೆಗೆ, ಗಟ್ಟಿ ಜೆಲ್ ಮೇಲೆ ಮೂಳೆಕೋಶದ ಕಡೆಗೆ ತಿರುಗಿದವು. ಇದು ಅರ್ಥವಾಯಿತು. ಮಾವಿನಹಣ್ಣು ಒತ್ತಿ ನೋಡುವ ಹಾಗೆ, ಕೋಶ ಇಂಟಿಗ್ರಿನ್‌ನಿಂದ (ಪೊರೆಯಲ್ಲಿರುವ ಹಿಡಿಕೆಯಂಥ ಪ್ರೋಟೀನ್) ಹಿಡಿದು ಮಯೋಸಿನ್‌ನಿಂದ (ಒಳಗಿನಿಂದ ಎಳೆಯುವ ಪ್ರೋಟೀನ್) ಜಗ್ಗಿ ನೋಡುತ್ತದೆ. ಆದರೆ ಅವು ರಕ್ತಕಣ ಆಗುವ ಕೋಶಗಳಲ್ಲವಲ್ಲ!

ಇನ್ನೊಂದು ಕಡೆ ಪೀಜೋ1 ಇದೆ. 2010ರಲ್ಲಿ ಪಟಪೂಟಿಯನ್ ಅವರ ಲ್ಯಾಬ್ ಗುರುತಿಸಿದ ಚಾನೆಲ್, ಅಂದರೆ ಕೋಶದ ಪೊರೆಯಲ್ಲಿರುವ ಬಾಗಿಲಿನಂಥ ಪ್ರೋಟೀನ್. ಪೊರೆ ಬಿಗಿಯಾದರೆ ತೆರೆದು ಕ್ಯಾಲ್ಸಿಯಂ ಒಳಗೆ ಬಿಡುತ್ತದೆ. ಜೀನ್ ದೋಷದಿಂದ ಅದು ತಡವಾಗಿ ಮುಚ್ಚಿದರೆ ಕೆಂಪು ಕಣ ನೀರು ಕಳೆದುಕೊಳ್ಳುವ ಕಾಯಿಲೆಯೂ ಬರುತ್ತದೆ. ಸಣ್ಣ ರಕ್ತನಾಳದಲ್ಲಿ ನುಸುಳುವ ಕಣದ ಪೊರೆ ಬಿಗಿಯಾಗುತ್ತದೆ, ಸರಿ. ಆದರೆ ಎರಿಥ್ರೋಬ್ಲಾಸ್ಟ್ (ಇನ್ನೂ ಬೆಳೆಯುತ್ತಿರುವ ಎಳೆಯ ಕೆಂಪು ಕಣ) ಮಜ್ಜೆಯಲ್ಲಿ ಮ್ಯಾಕ್ರೋಫೇಜ್ ಎಂಬ ದೊಡ್ಡ ಭಕ್ಷಕ ಕೋಶಕ್ಕೆ ಅಂಟಿಕೊಂಡು ಸುಮ್ನೆ ಕೂತಿರುತ್ತದೆ ಅಲ್ವಾ? ಅಲ್ಲಿ ರಕ್ತದ ಹರಿವಿಲ್ಲ.

ಪಠ್ಯಪುಸ್ತಕ ನೋಡಿದೆ, ಎರಡೂ ವಿಷಯ ಬೇರೆ ಬೇರೆ ಅಧ್ಯಾಯದಲ್ಲಿವೆ. ರಿವ್ಯೂ ಲೇಖನಗಳಲ್ಲಿ ಬಾಣದ ಗುರುತುಗಳೇ ಜಾಸ್ತಿ. ನಮ್ಮ ಮೇಡಂ ಕೇಳಿದರೆ "ಎರಡೂ ಇರಬಹುದಮ್ಮ" ಅಂದರು.

ರಕ್ತದ ಕೋಶಜೀವಶಾಸ್ತ್ರ ಗೊತ್ತಿರುವವರು ಇಷ್ಟು ಹೇಳಿ: ಮಜ್ಜೆಯೊಳಗಿನ ಎರಿಥ್ರೋಬ್ಲಾಸ್ಟ್‌ನಲ್ಲಿ ಪೀಜೋ1 ತೆರೆಯುವುದು ಕೋಶ ತಾನೇ ಜಗ್ಗುವುದರಿಂದಲೋ, ಇಲ್ಲ ಸೈನುಸಾಯ್ಡ್ (ಮಜ್ಜೆಯ ತೆಳು ಗೋಡೆಯ ರಕ್ತನಾಳ) ಗೋಡೆ ದಾಟಿ ರಕ್ತಕ್ಕೆ ಸೇರುವಾಗ ಮಾತ್ರವೋ?