ಜಾವಾ: ಕೂಡಿಸುವಾಗ ಪೈಸೆಗಳು ಮಾಯವಾಗುತ್ತಿವೆ, ಕಂಪೈಲರ್ ಮಾತ್ರ ಸುಮ್ಮನಿದೆ

ಮಾಟುಂಗಾ ಮಾಣಿ (ಡೊಂಬಿವಲಿ), ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ಮಾಟುಂಗಾದಲ್ಲಿ ಸಣ್ಣದೊಂದು ಊಟದ ಹೋಟೆಲು ನಡೆಸುತ್ತಾರೆ. ವಾಶಿ ಮಾರುಕಟ್ಟೆಯಿಂದ ಬರುವ ತರಕಾರಿಯ ಲೆಕ್ಕವನ್ನು ಇಂದಿಗೂ ಕಿರ್ದಿ ಪುಸ್ತಕದಲ್ಲೇ ಬರೆಯುತ್ತಾರೆ. ಜಾವಾ ಕಲಿಯುತ್ತಿದ್ದೇನಲ್ಲ, ಅದನ್ನೇ ಪ್ರೋಗ್ರಾಂ ಮಾಡಿಕೊಡುತ್ತೇನೆ ಎಂದು ಬಾಯಿ ಬಿಟ್ಟುಬಿಟ್ಟೆ. ಈಗ ಪುಸ್ತಕದ ಮೊತ್ತಕ್ಕೂ ನನ್ನ ಮೊತ್ತಕ್ಕೂ ತಾಳೆಯಾಗುತ್ತಿಲ್ಲ. ಪ್ರತಿದಿನವೂ ನನ್ನದೇ ಕಡಿಮೆ. ಒಂದು ದಿನವೂ ಹೆಚ್ಚು ಬಂದದ್ದಿಲ್ಲ.

ಸೋಮವಾರದ ನಾಲ್ಕು ಸಾಲು ಕೊಡುತ್ತೇನೆ. ಟೊಮೆಟೊ 7.5 ಕಿಲೋ, ದರ 33. ಬಟಾಟೆ 12.25 ಕಿಲೋ, ದರ 27. ಈರುಳ್ಳಿ 9.75 ಕಿಲೋ, ದರ 31. ಶುಂಠಿ 1.25 ಕಿಲೋ, ದರ 95. ಮಾವನ ಪುಸ್ತಕದಲ್ಲಿ 999 ರೂಪಾಯಿ 25 ಪೈಸೆ. ನನ್ನ ಪರದೆಯಲ್ಲಿ 997.

ಕೋಡಿನ ಜೀವಾಳ ಇಷ್ಟೇ. ಮೊಬೈಲಿನಿಂದ ಬರೆಯುತ್ತಿರುವುದರಿಂದ ಜಾವಾದ ಪದಗಳನ್ನೂ ಕನ್ನಡ ಲಿಪಿಯಲ್ಲೇ ಹೊಡೆದಿದ್ದೇನೆ (ಇಂಟ್ ಅಂದರೆ ಪೂರ್ಣಾಂಕ, ಡಬಲ್ ಅಂದರೆ ದಶಮಾಂಶವಿರುವ ಸಂಖ್ಯೆ):

    ಇಂಟ್ ಮೊತ್ತ = 0;
    // ಪ್ರತಿ ಸಾಲಿಗೂ: ತೂಕ ಡಬಲ್, ದರ ಇಂಟ್
    ಮೊತ್ತ += ತೂಕ * ದರ;

ಕಂಪೈಲರಿನಿಂದ (ಬರೆದ ಕೋಡನ್ನು ಪರಿಶೀಲಿಸಿ ಯಂತ್ರಕ್ಕೆ ತಿರುಗಿಸಿಕೊಡುವ ತಂತ್ರಾಂಶ) ದೋಷ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಮಾವ ಏನೂ ಅನ್ನುವುದಿಲ್ಲ, ಕನ್ನಡಕದ ಮೇಲಿನಿಂದ ಒಮ್ಮೆ ನೋಡುತ್ತಾರೆ. ಅದು ಇನ್ನೂ ಕಷ್ಟ.

ಥಾಣೆ ಖಾಡಿ, ರಾತ್ರಿ 11:58

ಇದು ಡಬಲ್‌ನ ಹಳೆಯ ರೋಗ. 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುತ್ತದೆ, ಗೊತ್ತಲ್ಲ? ದಶಮಾಂಶಗಳು ಕಂಪ್ಯೂಟರಿನೊಳಗೆ ಸರಿಯಾಗಿ ಕೂರುವುದಿಲ್ಲ. ಡಬಲ್ ಬಿಟ್ಟುಬಿಡಿ.

ಸೆಮಿಕೋಲನ್ ಶಾಸ್ತ್ರಿ (ಪುಣೆ), ಬೆಳಿಗ್ಗೆ 6:15

ಖಾಡಿಯವರೇ, ರೋಗ ನಿಜ, ರೋಗಿ ಬೇರೆ. ಈ ನಾಲ್ಕೂ ತೂಕಗಳು ಕಾಲು, ಅರೆ, ಮುಕ್ಕಾಲು. 0.25, 0.5, 0.75 ಇವೆಲ್ಲ ಕಂಪ್ಯೂಟರ್ ಬಳಸುವ ದ್ವಿಮಾನ (0 ಮತ್ತು 1ರ) ಪದ್ಧತಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುತ್ತವೆ. ಮೇಲಾಗಿ ಡಬಲ್‌ನ ತಪ್ಪು ಹದಿನಾರನೆಯ ಅಂಕಿಯ ಆಸುಪಾಸಿನಲ್ಲಿ ತಲೆಹಾಕುತ್ತದೆ. ನಾಲ್ಕು ಸಾಲಿಗೆ ಎರಡೂಕಾಲು ರೂಪಾಯಿ ನುಂಗುವ ಶಕ್ತಿ ಅದಕ್ಕಿಲ್ಲ.

ಮಾಣಿಯವರೇ, ಒಂದು ಪ್ರಶ್ನೆ. ನೀವು ಮೊದಲು ಬರೆದದ್ದೇ += ಆಗಿತ್ತೇ, ಅಥವಾ ಬೇರೆ ಏನನ್ನಾದರೂ ಬರೆದು ಆಮೇಲೆ ಬದಲಿಸಿದಿರಾ?

ಮಾಟುಂಗಾ ಮಾಣಿ, ಬೆಳಿಗ್ಗೆ 8:32

ನಿಮಗೆ ಹೇಗೆ ಗೊತ್ತಾಯಿತು! ಮೊದಲು ‘ಮೊತ್ತ = ಮೊತ್ತ + ತೂಕ * ದರ’ ಎಂದೇ ಬರೆದಿದ್ದೆ. ಡಬಲ್‌ನಿಂದ ಇಂಟ್‌ಗೆ ಹೋಗುವಾಗ ನಷ್ಟವಾಗಬಹುದು ಎಂದು ಕಂಪೈಲರ್ ತಕರಾರು ತೆಗೆಯಿತು. ಲೋಕಲ್ ರೈಲಿನಲ್ಲಿ ಜೊತೆಗೆ ಬರುವ ಗೆಳೆಯನೊಬ್ಬ, ‘ಅದನ್ನು += ಮಾಡು, ಹೋಗುತ್ತದೆ’ ಎಂದ. ಮಾಡಿದೆ, ಹೋಯಿತು. ಎರಡೂ ಒಂದೇ ಅಲ್ಲವೇ? ಪುಸ್ತಕದಲ್ಲಿಯೂ ‘ಇದು ಅದರ ಸಂಕ್ಷಿಪ್ತ ರೂಪ’ ಎಂದೇ ಇದೆ.

ಸೆಮಿಕೋಲನ್ ಶಾಸ್ತ್ರಿ, ಬೆಳಿಗ್ಗೆ 9:05

ಗೆಳೆಯ ನೋವಿಗೆ ಮದ್ದು ಕೊಡಲಿಲ್ಲ, ಕೂಗುವವನ ಬಾಯಿಗೆ ಬಟ್ಟೆ ತುರುಕಿದ.

ಎರಡೂ ಒಂದೇ ಅಲ್ಲ. ಅನೇಕ ಪುಸ್ತಕಗಳು ಇಲ್ಲಿ ಅರ್ಧ ಸತ್ಯ ಹೇಳಿ ಮುಂದೆ ಹೋಗುತ್ತವೆ, ಅದು ನನಗೆ ಸಿಟ್ಟು ತರಿಸುವ ಸಂಗತಿ. ಜಾವಾ ಭಾಷೆಯ ನಿಯಮದ ಪ್ರಕಾರ ನಿಮ್ಮ ಸಾಲಿನ ನಿಜವಾದ ಅರ್ಥ ಹೀಗೆ:

    ಮೊತ್ತ = (ಇಂಟ್)(ಮೊತ್ತ + ತೂಕ * ದರ);

ಆ ‘(ಇಂಟ್)’ ಎಂಬ ಕಾಸ್ಟ್ ಅನ್ನು, ಅಂದರೆ ಒಂದು ಬಗೆಯ ಸಂಖ್ಯೆಯನ್ನು ಇನ್ನೊಂದು ಬಗೆಗೆ ತಿರುಗಿಸುವ ಆಜ್ಞೆಯನ್ನು, ನೀವು ಬರೆದಿಲ್ಲ, += ತಾನಾಗಿಯೇ ಸೇರಿಸಿಕೊಂಡಿದೆ. ಕಾಸ್ಟ್ ಬರೆದವನು ‘ನಷ್ಟವಾದರೆ ನಾನೇ ಹೊಣೆ’ ಎಂದು ಸಹಿ ಹಾಕಿದಂತೆ. ಸಹಿ ಸಿಕ್ಕ ಮೇಲೆ ಕಂಪೈಲರಿಗೆ ಕೇಳುವುದೇನೂ ಉಳಿಯುವುದಿಲ್ಲ. ಡಬಲ್‌ನಿಂದ ಇಂಟ್‌ಗೆ ಕಾಸ್ಟ್ ಮಾಡಿದರೆ ಅದು ಹತ್ತಿರದ ಪೂರ್ಣಾಂಕಕ್ಕೆ ಹೋಗುವುದಿಲ್ಲ, ಬಿಂದುವಿನ ಆಚೆಗಿನದನ್ನು ಕತ್ತರಿಸಿ ಎಸೆಯುತ್ತದೆ. 3.99 ಕೊಟ್ಟರೂ 3 ಬರುತ್ತದೆ. ನಿಮ್ಮ ಮೊತ್ತ ಯಾವಾಗಲೂ ಕಡಿಮೆಯೇ ಬರುತ್ತಿದ್ದುದು ಇದರಿಂದ.

ನಿಮ್ಮ ಸೋಮವಾರವನ್ನೇ ಕೈಯಲ್ಲಿ ನಡೆಸಿ ನೋಡೋಣ. 0 + 247.50 ಕತ್ತರಿಸಿ 247. ಅದಕ್ಕೆ 330.75 ಕೂಡಿಸಿದರೆ 577.75, ಕತ್ತರಿಸಿ 577. ಅದಕ್ಕೆ 302.25 ಸೇರಿ 879.25, ಕತ್ತರಿಸಿ 879. ಅದಕ್ಕೆ 118.75 ಸೇರಿ 997.75, ಕತ್ತರಿಸಿ 997. ಕತ್ತರಿ ಕೊನೆಯಲ್ಲಿ ಒಮ್ಮೆ ಮಾತ್ರ ಬಿದ್ದಿದ್ದರೆ 999 ಬರಬೇಕಿತ್ತು. 997 ಬಂದಿರುವುದೇ ಸಾಲುಸಾಲಿಗೂ ಕತ್ತರಿ ಬಿದ್ದಿದೆ ಎನ್ನುವುದಕ್ಕೆ ಸಾಕ್ಷಿ.

ಹಾಗಾದರೆ ಭಾಷೆಯನ್ನು ಮಾಡಿದವರು ಇದನ್ನು ಯಾಕೆ ಇಟ್ಟರು? ಇಂಟ್‌ಗಿಂತ ಚಿಕ್ಕ ಬಗೆಗಳಾದ ಬೈಟ್, ಶಾರ್ಟ್, ಚಾರ್ ಇವುಗಳನ್ನು ಕೂಡಿಸಲು ಹೊರಟರೆ ಜಾವಾ ಮೊದಲು ಅವನ್ನು ಇಂಟ್‌ಗೆ ಏರಿಸುತ್ತದೆ. ಆದ್ದರಿಂದ ‘ಬಿ’ ಎಂಬ ಬೈಟ್ ಇದ್ದರೆ ‘ಬಿ = ಬಿ + 1’ ನಡೆಯುವುದಿಲ್ಲ, ಬಲಗಡೆ ಇಂಟ್ ಆಗಿರುತ್ತದೆ. ‘ಬಿ += 1’ ನಡೆಯುತ್ತದೆ, ಒಳಗಿನ ಕಾಸ್ಟ್‌ನ ದಯೆಯಿಂದ. ಅಲ್ಲಿ ಅದು ಅನುಕೂಲ. ಬಿ ಆಗಲೇ ಬೈಟ್‌ನ ಮಿತಿಯಾದ 127 ಇದ್ದರೆ ಆ ಅನುಕೂಲವೇ ಅದನ್ನು −128ಕ್ಕೆ ತಳ್ಳುತ್ತದೆ, ಅದು ಬೇರೆ ಮಾತು.

ಪರಿಹಾರ: ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಇಡಿ. ಎಲ್ಲವೂ ಪೂರ್ಣಾಂಕ. ಮೊತ್ತಕ್ಕೆ ಇಂಟ್‌ಗಿಂತ ದೊಡ್ಡ ಪೂರ್ಣಾಂಕ ಹಿಡಿಯುವ ಲಾಂಗ್ ಬಳಸಿ. ಇಂಟ್‌ನ ಮಿತಿ 2147483647, ಪೈಸೆಯಲ್ಲಿ ಲೆಕ್ಕ ಹಾಕಿದರೆ ಎರಡು ಕೋಟಿ ಹದಿನಾಲ್ಕು ಲಕ್ಷ ರೂಪಾಯಿಯ ಆಚೆ ದಾಟುವುದಿಲ್ಲ.

ಥಾಣೆ ಖಾಡಿ, ಬೆಳಿಗ್ಗೆ 9:20

ಒಪ್ಪಿದೆ. ನಾನು ಅವಸರಪಟ್ಟೆ.

ಮಾಟುಂಗಾ ಮಾಣಿ, ರಾತ್ರಿ 10:50

ಶಾಸ್ತ್ರಿಗಳೇ, ಸೋಮವಾರದ ಲೆಕ್ಕ 99925 ಪೈಸೆ, ಪುಸ್ತಕಕ್ಕೆ ಸರಿಯಾಗಿ ಕೂತಿತು! ಆದರೆ ಮಂಗಳವಾರ ಒಂದು ಸಾಮಾನಿನ ದರ 19.99 ಇತ್ತು, ಅಲ್ಲಿ ಒಂದು ಪೈಸೆ ಕಡಿಮೆ. ದರವನ್ನು ಹೀಗೆ ಪೈಸೆಗೆ ತಿರುಗಿಸಿದ್ದೇನೆ:

    ಇಂಟ್ ದರಪೈಸೆ = (ಇಂಟ್)(ದರ * 100);

1998 ಬರುತ್ತಿದೆ. ಈ ಬಾರಿ ಕಾಸ್ಟ್ ನಾನೇ ಬರೆದಿದ್ದೇನೆ, ಸಹಿ ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ 19.99 ಅನ್ನು ನೂರರಿಂದ ಗುಣಿಸಿದರೆ 1999 ತಾನೇ? ಕತ್ತರಿಸಲು ಅಲ್ಲಿ ಏನಿದೆ?

ಸೆಮಿಕೋಲನ್ ಶಾಸ್ತ್ರಿ, ರಾತ್ರಿ 11:10

ಈಗ ಖಾಡಿಯವರ ರೋಗ ಬಂತು ನೋಡಿ. ಅವರು ಹೇಳಿದ್ದು ಒಂದು ದಿನ ಮುಂಚಿತವಾಗಿತ್ತು ಅಷ್ಟೇ. 19.99 ದ್ವಿಮಾನದಲ್ಲಿ ನಿಖರವಾಗಿ ಕೂರುವುದಿಲ್ಲ. ಗುಣಿಸಿದ ಫಲ 1998.9999999999998. ಅದರ ಮೇಲೆ ಕತ್ತರಿ ಬಿದ್ದರೆ 1998.

ಅವಸರಕ್ಕೆ ಹತ್ತಿರದ ಪೂರ್ಣಾಂಕಕ್ಕೆ ತರುವ ಮ್ಯಾತ್.ರೌಂಡ್ ಸಾಕು, 1999 ಕೊಡುತ್ತದೆ. ಡಬಲ್ ಕೊಟ್ಟರೆ ಅದು ಹಿಂದಿರುಗಿಸುವುದು ಲಾಂಗ್, ಇಂಟ್ ಅಲ್ಲ. ನನ್ನನ್ನು ಕೇಳಿದರೆ, ದರವನ್ನು ಡಬಲ್ ಮಾಡುವ ಗೋಜಿಗೇ ಹೋಗಬೇಡಿ. ಕೀಲಿಮಣೆಯಿಂದ ಬರುವುದು ಅಕ್ಷರಮಾಲೆ, ಅಂದರೆ ಸ್ಟ್ರಿಂಗ್. ಅದನ್ನೇ ನೇರವಾಗಿ, ದಶಮಾಂಶಗಳನ್ನು ಇದ್ದಂತೆಯೇ ಇಟ್ಟುಕೊಳ್ಳುವ ಬಿಗ್‌ಡೆಸಿಮಲ್‌ಗೆ ಕೊಟ್ಟು, ಬಿಂದುವನ್ನು ಎರಡು ಸ್ಥಾನ ಬಲಕ್ಕೆ ಸರಿಸಿ, ಪೂರ್ಣಾಂಕ ಮಾಡಿಕೊಳ್ಳಿ. ನೆನಪಿರಲಿ, ಸ್ಟ್ರಿಂಗ್ ಕೊಡಬೇಕು. ಬಿಗ್‌ಡೆಸಿಮಲ್‌ಗೆ 0.1 ಎಂಬ ಡಬಲ್ ಕೊಟ್ಟರೆ ಅದು 0.1000000000000000055 ಎಂದು ಶುರುಮಾಡಿ ಉದ್ದಕ್ಕೆ ಹರಿಕಥೆ ಹೇಳುತ್ತದೆ.

ಕಾತ್ರಜ್ ಘಾಟ್ (ಪುಣೆ), ಮರುದಿನ ಮಧ್ಯಾಹ್ನ 1:25

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದೂ ಹೋಟೆಲಿನ ಲೆಕ್ಕವೇ. ಕಾಲೇಜಿನ ಪ್ರಾಜೆಕ್ಟಿಗಾಗಿ ಕ್ಯಾಂಟೀನಿನ ಟೋಕನ್ ಪ್ರೋಗ್ರಾಂ. ಎರಡು ಪಟ್ಟಿಗಳಲ್ಲಿರುವ ಟೋಕನ್ ಸಂಖ್ಯೆಗಳನ್ನು == ಇಟ್ಟು ಹೋಲಿಸುತ್ತೇನೆ. 127ರವರೆಗೆ ಎಲ್ಲರಿಗೂ ತಿಂಡಿ ಸಿಗುತ್ತದೆ. 128ನೆಯವನಿಗೆ ‘ಟೋಕನ್ ಇಲ್ಲ’ ಎನ್ನುತ್ತದೆ. ಅವನು ಪರದೆಯ ಮುಂದೆ ಟೋಕನ್ ಹಿಡಿದುಕೊಂಡೇ ನಿಂತಿರುತ್ತಾನೆ.

ಸೆಮಿಕೋಲನ್ ಶಾಸ್ತ್ರಿ, ಮಧ್ಯಾಹ್ನ 2:00

ಪಟ್ಟಿಯಲ್ಲಿರುವುದು ಇಂಟ್ ಅಲ್ಲ, ಇಂಟೀಜರ್ ಎಂಬ ಡಬ್ಬಿ. ಎರಡು ಡಬ್ಬಿಗಳ ನಡುವೆ == ಇಟ್ಟರೆ ಒಳಗಿನ ಸಂಖ್ಯೆ ಒಂದೇ ಎಂದು ಕೇಳಿದಂತಲ್ಲ, ಡಬ್ಬಿಯೇ ಒಂದೇ ಎಂದು ಕೇಳಿದಂತೆ. −128ರಿಂದ 127ರವರೆಗಿನ ಸಂಖ್ಯೆಗಳಿಗೆ ಜಾವಾ ಮೊದಲೇ ಡಬ್ಬಿ ಮಾಡಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುತ್ತದೆ, ಹಾಗಾಗಿ ಅಲ್ಲಿಯವರೆಗೆ ಅದೃಷ್ಟ ಕೈಹಿಡಿಯುತ್ತದೆ. ಇಂಟೀಜರ್‌ಗಳನ್ನು ಒಳಗಿನ ಸಂಖ್ಯೆಯನ್ನೇ ನೋಡುವ ಈಕ್ವಲ್ಸ್ ಬಳಸಿ ಹೋಲಿಸಿ. ಹೆಚ್ಚಿನದು ಬೇಕಿದ್ದರೆ ದಯವಿಟ್ಟು ಬೇರೆ ಎಳೆ (ಚರ್ಚೆ) ತೆರೆಯಿರಿ, ಇಲ್ಲಿ ಮಾಣಿಯವರ ಮಾವ ಕಾಯುತ್ತಿದ್ದಾರೆ.

ಮಾಟುಂಗಾ ಮಾಣಿ, ಮೂರು ದಿನದ ನಂತರ, ರಾತ್ರಿ 12:10

ಕಾಯುತ್ತಿರುವುದೇನು, ಇವತ್ತು ನಕ್ಕೇಬಿಟ್ಟರು! ಗಣೇಶೋತ್ಸವದ ಲಾಡಿನ ಆರ್ಡರಿಗೆ 30 ಕಿಲೋ ತುಪ್ಪ ಬಂತು, ಕಿಲೋಗೆ 720 ರೂಪಾಯಿ. ಒಟ್ಟು 21,600 ಆಗಬೇಕು. ನನ್ನ ಪ್ರೋಗ್ರಾಂ ಪ್ರಕಾರ −21,349 ರೂಪಾಯಿ 67 ಪೈಸೆ. ‘ತುಪ್ಪದವನು ತುಪ್ಪವನ್ನೂ ಕೊಟ್ಟು ಮೇಲೆ ಇಪ್ಪತ್ತೊಂದು ಸಾವಿರವನ್ನೂ ಕೊಟ್ಟನೋ?’ ಎಂದು ಅಡುಗೆಯವರ ಮುಂದೆಯೇ ಕೇಳಿದರು.

ಸಾಲು ಇದು. ನೀವು ಹೇಳಿದಂತೆ ಲಾಂಗ್ ಬಳಸಿಯೇ ಇದ್ದೇನೆ!

    ಲಾಂಗ್ ಬೆಲೆ = ಗ್ರಾಂ * ದರಪೈಸೆ / 1000;

ಸೆಮಿಕೋಲನ್ ಶಾಸ್ತ್ರಿ, ಬೆಳಿಗ್ಗೆ 6:05

ಇದರಲ್ಲಿ ನನ್ನದೂ ತಪ್ಪಿದೆ, ಮೊತ್ತದ ಬಗ್ಗೆ ಹೇಳಿ ಗುಣಾಕಾರವನ್ನು ಮರೆತೆ.

ಜಾವಾ ಬಲಗಡೆಯ ಲೆಕ್ಕವನ್ನು ಮಾಡುವಾಗ ಎಡಗಡೆ ಯಾರು ಕಾಯುತ್ತಿದ್ದಾರೆ ಎಂದು ನೋಡುವುದಿಲ್ಲ. ಗ್ರಾಂ ಒಂದು ಇಂಟ್, ದರಪೈಸೆ ಒಂದು ಇಂಟ್, ಆದ್ದರಿಂದ ಗುಣಲಬ್ಧವೂ ಇಂಟ್. 30000 × 72000 ಅಂದರೆ 216 ಕೋಟಿ. ಇಂಟ್‌ನ ಮಿತಿ 214 ಕೋಟಿ ಚಿಲ್ಲರೆ. ಉಕ್ಕಿ ಹರಿದು −2134967296 ಆಯಿತು. ಅದನ್ನು ಸಾವಿರದಿಂದ ಭಾಗಿಸಿ −2134967 ಪೈಸೆ. ಹಾಳಾದ ಮೇಲೆ ಅದನ್ನು ಜೋಪಾನವಾಗಿ ಲಾಂಗ್‌ನಲ್ಲಿ ಇಟ್ಟಿರಿ. ಪಾತ್ರೆ ಎಷ್ಟು ದೊಡ್ಡದಾದರೇನು, ಹಾಲು ಒಲೆಯ ಮೇಲೇ ಉಕ್ಕಿದೆ.

    ಲಾಂಗ್ ಬೆಲೆ = (ಲಾಂಗ್) ಗ್ರಾಂ * ದರಪೈಸೆ / 1000;

ಇಲ್ಲಿ ಕಾಸ್ಟ್ ಗುಣಾಕಾರಕ್ಕಿಂತ ಮೊದಲು ಗ್ರಾಂಗೆ ಅಂಟಿಕೊಳ್ಳುತ್ತದೆ. ಒಬ್ಬ ಲಾಂಗ್ ಆದರೆ ಗುಣಾಕಾರಕ್ಕಾಗಿ ಇನ್ನೊಬ್ಬನೂ ಲಾಂಗ್ ಆಗುತ್ತಾನೆ. ಇಡೀ ಲೆಕ್ಕಕ್ಕೆ ಆವರಣ ಹಾಕಿ ಅದರ ಹೊರಗೆ (ಲಾಂಗ್) ಬರೆದರೆ ಏನೂ ಪ್ರಯೋಜನವಿಲ್ಲ, ಅದು ಉಕ್ಕಿದ ಮೇಲೆ ಬೆಂಕಿ ಆರಿಸಿದಂತೆ. ದಿನದ ಸರಾಸರಿ ತೆಗೆಯುವಾಗಲೂ ಇದೇ ಎಡವಟ್ಟು: ‘(ಡಬಲ್)(7 / 2)’ ಎಂದರೆ 3.0, ‘(ಡಬಲ್) 7 / 2’ ಎಂದರೆ 3.5.

ಉಕ್ಕಿದಾಗ ಸುಮ್ಮನಿರದೆ ಕೂಗಬೇಕು ಎಂದಿದ್ದರೆ ಜಾವಾ 8ರಿಂದ ಮ್ಯಾತ್.ಮಲ್ಟಿಪ್ಲೈಎಕ್ಸಾಕ್ಟ್ ಇದೆ, ಮಿತಿ ಮೀರಿದರೆ ಎಕ್ಸೆಪ್ಶನ್ (ಪ್ರೋಗ್ರಾಂ ಅನ್ನು ತಡೆಯುವ ದೋಷಸೂಚನೆ) ಎಸೆಯುತ್ತದೆ. ಮಾವನ ಮುಂದೆ ಮೈನಸ್ ತೋರಿಸುವುದಕ್ಕಿಂತ ಪ್ರೋಗ್ರಾಂ ನಿಂತುಹೋಗುವುದು ಮೇಲು. ಇನ್ನೊಂದು: ಸಾವಿರದಿಂದ ಭಾಗಿಸುವಾಗಲೂ ಕತ್ತರಿ ಬೀಳುತ್ತದೆ. ಅರ್ಧ ಪೈಸೆಗೂ ನ್ಯಾಯ ಬೇಕಿದ್ದರೆ ಭಾಗಿಸುವ ಮೊದಲು 500 ಕೂಡಿಸಿಕೊಳ್ಳಿ.

ಥಾಣೆ ಖಾಡಿ, ಬೆಳಿಗ್ಗೆ 7:40

ಈ ಬಾರಿ ಅವಸರವಿಲ್ಲದೆ, ನೋಡಿಯೇ ಹೇಳುತ್ತಿದ್ದೇನೆ. 2023ರ ಮಾರ್ಚಿನಲ್ಲಿ ಬಂದ ಜೆಡಿಕೆ 20ರಿಂದ (ಜೆಡಿಕೆ ಅಂದರೆ ಜಾವಾದ ಸಲಕರಣೆಗಳ ಪೆಟ್ಟಿಗೆ) ಈ ಗುಪ್ತ ಕಾಸ್ಟ್ ಅನ್ನು ಹಿಡಿಯುವ ಎಚ್ಚರಿಕೆಯೊಂದು ಇದೆ. ಜಾವಾಸಿಗೆ, ಅಂದರೆ ಜಾವಾದ ಕಂಪೈಲರಿಗೆ, ಎಚ್ಚರಿಕೆಗಳನ್ನು ಆರಿಸುವ ಎಕ್ಸ್‌ಲಿಂಟ್ ಆಯ್ಕೆಯಲ್ಲಿ ‘ಲಾಸಿ-ಕನ್ವರ್ಶನ್ಸ್’ ಎಂದು ಕೊಟ್ಟರೆ, += ಒಳಗೆ ನಷ್ಟವಾಗುವ ಪರಿವರ್ತನೆ ಇರುವ ಕಡೆಯಲ್ಲೆಲ್ಲ ಬೆರಳು ತೋರಿಸುತ್ತದೆ. ತುಪ್ಪದ ಪ್ರಕರಣ ಇದರ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ಇರುವುದು ಉಕ್ಕುವಿಕೆ. ಮೊದಲನೆಯ ದಿನದ 997 ಖಂಡಿತ ಬೀಳುತ್ತಿತ್ತು.

ಮಾಟುಂಗಾ ಮಾಣಿ, ಭಾನುವಾರ ಸಂಜೆ 5:15

ತುಪ್ಪ 21,600. ಇಡೀ ವಾರದ ಖರೀದಿ ಪೈಸೆಗೆ ಪೈಸೆ ಕಿರ್ದಿಗೆ ಸರಿಹೋಗಿದೆ. ಮಾವ ಎರಡು ಸಲ ಬೆರಳಿಟ್ಟು ಓದಿ, ಪುಸ್ತಕ ಮುಚ್ಚಿ, ‘ಕಾಫಿ ಕುಡಿದು ಹೋಗು’ ಎಂದರು. ಶಾಸ್ತ್ರಿಗಳಿಗೂ ಖಾಡಿಯವರಿಗೂ ಮಾಟುಂಗಾದಲ್ಲಿ ಒಂದೊಂದು ಊಟ ಬಾಕಿ ಇದೆ.

ಎಳೆಯನ್ನು ಈಗಲೇ ‘ಪರಿಹಾರವಾಗಿದೆ’ ಎಂದು ಗುರುತು ಹಾಕುತ್ತಿಲ್ಲ. ಖಾಡಿಯವರ ಆಯ್ಕೆ ಕೊಟ್ಟು ಮತ್ತೆ ಕಂಪೈಲ್ ಮಾಡಿದೆ, ಖರೀದಿಯ ಕಡತದಲ್ಲಿ ಏನೂ ಇಲ್ಲ. ಹುಡುಗರ ಸಂಬಳದ ಕಡತದಲ್ಲಿ ಎರಡು ಎಚ್ಚರಿಕೆಗಳು ಬಂದಿವೆ, ಎರಡೂ += ಸಾಲುಗಳೇ. ಪುಣ್ಯಕ್ಕೆ ಈ ತಿಂಗಳೂ ಸಂಬಳ ಕೊಟ್ಟದ್ದು ಕಿರ್ದಿ ನೋಡಿ. ಒಂದನೇ ತಾರೀಖಿನೊಳಗೆ ಸರಿಮಾಡಿ ಬಂದು ಬರೆಯುತ್ತೇನೆ.